ಮೂಲ ಮೊಬೈಲೋ, ಪೆನ್‌ಡ್ರೈವ್ ಪ್ರತಿಯೋ?

ಬಾಡಿಗೆ ತಕರಾರಿನ ಮಾತುಕತೆ ಮೊಬೈಲಿನಲ್ಲಿ ದಾಖಲಾಗಿದೆ, ನ್ಯಾಯಾಲಯಕ್ಕೆ ಯಾವುದನ್ನು ಕೊಡಲಿ ಎಂದು ಕೇಳಿದ್ದೀರಿ.

ಮೊಬೈಲನ್ನೇ ಹಾಜರುಪಡಿಸಿ, ಅದು ನಿಮ್ಮದೆಂದು ಸಾಕ್ಷಿಕಟ್ಟೆಯಲ್ಲಿ ನೀವೇ ನುಡಿದರೆ, ಡಿಜಿಟಲ್ ದಾಖಲೆಯ ಪ್ರತಿಗೆ ಲಗತ್ತಿಸಬೇಕಾದ ಪ್ರಮಾಣಪತ್ರ ಬೇಕಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಖರ್ಚೂ ಕಡಿಮೆ. ಆದರೆ ಫೋನು ನ್ಯಾಯಾಲಯದ ವಶದಲ್ಲೇ ಉಳಿಯಬಹುದು. ಬ್ಯಾಂಕು, ದುಡಿಮೆ ಎಲ್ಲವೂ ಅದರಲ್ಲೇ ಇರುವವರಿಗೆ ಇದು ದೊಡ್ಡ ಪೆಟ್ಟು.

ಪೆನ್‌ಡ್ರೈವ್ ಕೊಟ್ಟರೆ ಆ ಚಿಂತೆಯಿಲ್ಲ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು: ‘ಎ’ ಭಾಗಕ್ಕೆ ನಿಮ್ಮ ಸಹಿ, ‘ಬಿ’ ಭಾಗಕ್ಕೆ ತಜ್ಞರ ಸಹಿ, ಜೊತೆಗೆ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತದಿಂದ ಲೆಕ್ಕಹಾಕಿ ಪಡೆಯುವ, ಅದರ ಬೆರಳಚ್ಚಿನಂಥ ಸಂಕೇತ. ಕಡತ ಕಿಂಚಿತ್ ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ. ಪ್ರತಿಯನ್ನು ತಿರುಚಲಾಗಿದೆ ಎಂಬ ಆರೋಪಕ್ಕೆ ಇದು ಗಟ್ಟಿ ಉತ್ತರ.

ಬಳಸದ ಹಳೆಯ ಫೋನಾದರೆ ಅದನ್ನೇ ಕೊಡಿ. ನಿತ್ಯ ಬೇಕಾದದ್ದಾದರೆ ಪ್ರತಿ ಮಾಡಿಸಿ. ಆದರೂ ಪ್ರಕರಣ ಮುಗಿಯುವ ತನಕ ಮೂಲ ಕಡತವನ್ನು ದಯವಿಟ್ಟು ಅಳಿಸಬೇಡಿ.