ಹಾವೇರಿ, ಗದಗ, ಹುಬ್ಬಳ್ಳಿ: ಕುಟುಂಬ ಸಮೇತ ತಂಗಲು ಎಂಥ ಲಾಡ್ಜ್ ಒಳ್ಳೆಯದು?

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಕಾರಿನಲ್ಲಿ ಉತ್ತರ ಕರ್ನಾಟಕದ ಕಡೆಗೆ ಹೊರಡುವವರಿಗೆ ನೋಡುವ ಸ್ಥಳಗಳ ಬಗ್ಗೆ ಮಾಹಿತಿ ಧಾರಾಳವಾಗಿ ಸಿಗುತ್ತದೆ. ರಾತ್ರಿ ಎಲ್ಲಿ ತಂಗಿದರೆ ನೆಮ್ಮದಿ ಎಂಬುದನ್ನು ಹೇಳುವವರು ಕಡಿಮೆ. ಮೊಣಕಾಲು ನೋವಿನ ತಾಯಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ನಾವು ದಂಪತಿ, ಹೀಗೆ ಐದು ಜನರಿಗಾಗಿ ಕೋಣೆಯೊಂದಕ್ಕೆ ಒಂದೂವರೆ ಸಾವಿರ ರೂಪಾಯಿ ದಾಟದಂತೆ ಹಾವೇರಿ, ಗದಗ ಮತ್ತು ಹುಬ್ಬಳ್ಳಿಗಳಲ್ಲಿ ಲಾಡ್ಜ್ ಹುಡುಕಿ ಉಳಿದ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹೆದ್ದಾರಿಯ ಪಕ್ಕದ ಲಾಡ್ಜ್‌ಗಿಂತ, ನಾಲ್ಕಾರು ಕಿಲೋಮೀಟರ್ ಒಳಗೆ ತಿರುಗಿ ಹೋಗಬೇಕಾದರೂ, ಊರೊಳಗಿನ ಸಸ್ಯಾಹಾರಿ ಹೋಟೆಲಿಗೆ ಹೊಂದಿಕೊಂಡಿರುವ ಲಾಡ್ಜ್ ಕುಟುಂಬಕ್ಕೆ ಎಲ್ಲ ರೀತಿಯಲ್ಲೂ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾವೇರಿಯ ಸಮೀಪ ನಾವು ಇಳಿದದ್ದು ಹೆದ್ದಾರಿಗೆ ಮುಖ ಮಾಡಿದ ಲಾಡ್ಜ್‌ನಲ್ಲಿ. ಕಾರು ನಿಲ್ಲಿಸಲು ವಿಶಾಲವಾದ ಜಾಗವಿತ್ತು, ಕೋಣೆ ದೊಡ್ಡದಿತ್ತು, ಹಾಸಿಗೆಯೂ ಸ್ವಚ್ಛವಾಗಿತ್ತು. ಆದರೆ ಕೆಳಗಿನ ಅಂತಸ್ತಿನಲ್ಲಿದ್ದ ಬಾರ್ ಆಂಡ್ ರೆಸ್ಟೋರೆಂಟ್ ಹನ್ನೊಂದು ಗಂಟೆಯವರೆಗೂ ಗದ್ದಲದಿಂದ ತುಂಬಿದ್ದು, ಊಟಕ್ಕೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಮನಸ್ಸಾಗಲಿಲ್ಲ. ಅದು ಮುಚ್ಚಿದ ಮೇಲೆ ಲಾರಿಗಳ ಹಾರ್ನ್ ಬೆಳಗಿನವರೆಗೆ ನಿಲ್ಲಲಿಲ್ಲ. ಅನಿವಾರ್ಯವಾಗಿ ಇಂಥ ಕಡೆ ಉಳಿಯಬೇಕಾಗಿ ಬಂದರೆ ಹಿಂಬದಿಯ ಕೋಣೆಯನ್ನೇ ಕೇಳಿ ಪಡೆಯಬೇಕು. ಮುಂಬದಿಯ ಕೋಣೆ ಬಾಡಿಗೆಗೆ ನೂರಿನ್ನೂರು ಕಡಿಮೆಯಾದರೂ ಬೇಡ.

ಹಾವೇರಿಯಿಂದ ಸವಣೂರು, ಲಕ್ಷ್ಮೇಶ್ವರಗಳ ಮೂಲಕ ಗದಗ ತಲುಪಿದ ಮೇಲೆ ಪರಿಸ್ಥಿತಿ ಬದಲಾಯಿತು. ಮುಳಗುಂದ ನಾಕಾದ ಆಸುಪಾಸಿನಲ್ಲಿ ನಮಗೆ ಸಿಕ್ಕಿದ್ದು ಹಳೆಯ ಕಟ್ಟಡದ ಲಾಡ್ಜ್. ಹೊರಗಿನಿಂದ ನೋಡಿದರೆ ಆಕರ್ಷಣೆಯೇನೂ ಇಲ್ಲ, ಗೋಡೆಯ ಬಣ್ಣ ಮಾಸಿದೆ, ಲಿಫ್ಟ್ ಇಲ್ಲ. ಆದರೆ ತಾಯಿಯವರು ಮೆಟ್ಟಿಲು ಹತ್ತಲಾರರು ಎಂದ ಕೂಡಲೇ ಮ್ಯಾನೇಜರ್ ನೆಲ ಅಂತಸ್ತಿನ ಮೊದಲ ಕೋಣೆಯನ್ನೇ, ಎರಡು ಮೆಟ್ಟಿಲು ಹತ್ತಿದರೆ ಸಿಗುವಂಥದ್ದನ್ನು, ತೆರೆಸಿಕೊಟ್ಟರು. ಅದರಲ್ಲಿ ಕಮೋಡ್ ಇರುವುದನ್ನು ನಾವು ಕೇಳುವ ಮೊದಲೇ ತೋರಿಸಿದರು. ಮಕ್ಕಳಿಗೆ ಹೆಚ್ಚುವರಿ ಗಾದಿ, ಚಾದರ ಕೊಟ್ಟು ಅದಕ್ಕೆ ಪ್ರತ್ಯೇಕವಾಗಿ ತೆಗೆದುಕೊಂಡ ಹಣ ಅಲ್ಪ. ಪ್ರಯಾಣದ ಉದ್ದಕ್ಕೂ ಇಷ್ಟು ಕಾಳಜಿಯನ್ನು ನಾವು ಬೇರೆಲ್ಲೂ ಕಾಣಲಿಲ್ಲ.

ಗದಗದಲ್ಲಿ ಕೋಣೆ ನೋಡುವ ಮೊದಲು ನೀರಿನ ಬಗ್ಗೆ ವಿಚಾರಿಸುವುದು ಅಗತ್ಯ. ಗದಗ-ಬೆಟಗೇರಿಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ; ಬೇಸಿಗೆಯಲ್ಲಿ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ಲಾಡ್ಜ್‌ಗಳು ಬೋರ್‌ವೆಲ್ಲನ್ನೋ ಟ್ಯಾಂಕರನ್ನೋ ನೆಚ್ಚಿಕೊಂಡಿರುತ್ತವೆ. ನಮ್ಮ ಕೋಣೆಯ ನೀರು ಸವಳಾಗಿದ್ದು ಸೋಪು ನೊರೆಯಾಗುತ್ತಿರಲಿಲ್ಲ, ಆದರೆ ಹಗಲೂ ರಾತ್ರಿಯೂ ನಿಲ್ಲದೆ ಬಂದಿತು. ಬಿಸಿನೀರು ಸೋಲಾರ್‌ನಿಂದ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ. ಐದು ಜನರ ಸ್ನಾನ ಮುಗಿಯಬೇಕಾದರೆ ಮೊದಲಿಗರು ಆರಕ್ಕೇ ಎದ್ದಿರಬೇಕು. ಕುಡಿಯಲು ಮಾತ್ರ ಹೊರಗಿನಿಂದ ಕ್ಯಾನ್ ತರಿಸಿಕೊಂಡೆವು.

ಈ ಲಾಡ್ಜ್‌ನ ನಿಜವಾದ ಲಾಭವೆಂದರೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಬಿಡಬೇಕೆಂಬ ನಿಯಮವಿರುವ ಕಡೆ ಸಂಜೆ ಬಂದವರಿಗೆ ಮರುದಿನ ಸಿಗುವುದು ಅರ್ಧ ಹಗಲು. ಇಲ್ಲಿ ಸಂಜೆ ಐದಕ್ಕೆ ಬಂದ ನಾವು ಮರುದಿನ ಸಂಜೆ ಐದರವರೆಗೆ ಇರಬಹುದಿತ್ತು. ಹಾಗಾಗಿ ಬಿಸಿಲೇರುವ ಮುನ್ನ ಹೊರಟು, ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ದೇವಾಲಯ, ಬ್ರಹ್ಮ ಜಿನಾಲಯ ಮತ್ತು ಮುಸುಕಿನ ಬಾವಿಯನ್ನು ಅವಸರವಿಲ್ಲದೆ ನೋಡಿ, ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯ ಊಟ ಮುಗಿಸಿ ಕೋಣೆಗೆ ಮರಳಿದೆವು. ತಾಯಿಯವರು ಎರಡು ತಾಸು ಮಲಗಿ ಎದ್ದ ಮೇಲೆ ಆಟೋದಲ್ಲಿ ವೀರನಾರಾಯಣ ಮತ್ತು ತ್ರಿಕೂಟೇಶ್ವರ ದೇವಾಲಯಗಳಿಗೂ ಹೋಗಿಬರಲು ಸಾಧ್ಯವಾಯಿತು. ವಯಸ್ಸಾದವರನ್ನು ಕರೆದುಕೊಂಡು ಬರುವವರಿಗೆ ನಡು ಮಧ್ಯಾಹ್ನದ ಈ ವಿಶ್ರಾಂತಿ ಟಿವಿ, ವೈಫೈಗಳಿಗಿಂತ ಎಷ್ಟೋ ಹೆಚ್ಚು ಬೆಲೆಯುಳ್ಳದ್ದು. ಆದ್ದರಿಂದ ಕೋಣೆ ಕಾಯ್ದಿರಿಸುವಾಗ ಬಾಡಿಗೆಗಿಂತ ಮೊದಲು ಈ ಲೆಕ್ಕವನ್ನೇ ಕೇಳಬೇಕೆಂದು ಒತ್ತಿ ಹೇಳುತ್ತೇನೆ.

ಬಿಲ್ಲಿನ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. 1,400 ರೂಪಾಯಿ ಬಾಡಿಗೆಯ ಕೋಣೆಗೆ ಮೊದಲು 168 ರೂಪಾಯಿ ತೆರಿಗೆಯಾಗುತ್ತಿದ್ದರೆ ಈಗ 70 ರೂಪಾಯಿ. ಕೌಂಟರಿನಲ್ಲಿ ಹೇಳುವ ದರ ತೆರಿಗೆ ಸೇರಿಸಿಯೋ ಸೇರಿಸದೆಯೋ ಎಂಬುದನ್ನು ಅಡ್ವಾನ್ಸ್ ಕೊಡುವ ಮುನ್ನವೇ ಸ್ಪಷ್ಟಪಡಿಸಿಕೊಳ್ಳುವುದು ಲೇಸು.

ಹುಬ್ಬಳ್ಳಿಯಲ್ಲಿ ಲಾಡ್ಜ್‌ಗಳಿಗೆ ಕೊರತೆಯಿಲ್ಲ, ಆದರೆ ರೈಲು ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ವಿದ್ಯಾನಗರದ ಕಡೆ ನಾವು ಉಳಿದ ಲಾಡ್ಜ್ ಗದಗದ್ದಕ್ಕಿಂತ ಬಾಡಿಗೆಯಲ್ಲಿ ತುಸು ಹೆಚ್ಚು, ಕೋಣೆಯಲ್ಲಿ ತುಸು ಚಿಕ್ಕದು. ಲಿಫ್ಟ್ ಮತ್ತು ಸ್ವಂತ ಪಾರ್ಕಿಂಗ್ ಇದ್ದದ್ದರಿಂದ ಒಪ್ಪಿಕೊಂಡೆವು. ಧಾರವಾಡಕ್ಕೆ ಕಾರು ತೆಗೆಯಲೇ ಇಲ್ಲ. ಹುಬ್ಬಳ್ಳಿ-ಧಾರವಾಡ ನಡುವಿನ ತ್ವರಿತ ಬಸ್ ಸೇವೆಯಾದ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುವುದರಿಂದ ಸಂಚಾರ ದಟ್ಟಣೆಯ ಚಿಂತೆಯಿಲ್ಲ, ಹವಾನಿಯಂತ್ರಣವೂ ಇದೆ. ನಿಲ್ದಾಣದ ವೇದಿಕೆ ಬಸ್ಸಿನ ಬಾಗಿಲಿಗೆ ಸಮನಾಗಿರುವುದರಿಂದ ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಇನ್ನು ಶಿವರಾತ್ರಿಯ ಆಸುಪಾಸಿನಲ್ಲಿ ಹುಬ್ಬಳ್ಳಿಗೆ ಬರುವವರು ಕೋಣೆಯನ್ನು ಮೊದಲೇ ಕಾಯ್ದಿರಿಸಿಕೊಳ್ಳಬೇಕು: ಸಿದ್ಧಾರೂಢ ಮಠದ ರಥೋತ್ಸವಕ್ಕೆ ದೂರದೂರದಿಂದ ಭಕ್ತರು ಬರುವುದರಿಂದ ಆ ದಿನಗಳಲ್ಲಿ ಸಂಜೆ ಬಂದು ಕೋಣೆ ಹುಡುಕುವುದು ಮಕ್ಕಳಿರುವವರಿಗೆ ಆಗದ ಕೆಲಸ.