ಮೋಟರ್ ರಿಮೋಟ್ ಕೊಳ್ಳುವವರೇ, ಬಾಕ್ಸ್ ಮೇಲೆ 915 ಅಂತ ಇದ್ದರೆ ಬೇಡ

ಅಡಿಕೆ ತೋಟದ ಮೋಟರ್‌ಗೆ ರೇಡಿಯೋ ರಿಮೋಟ್ ಹಾಕಿಸುವ ಯೋಚನೆ ಇದ್ದವರು ದುಡ್ಡು ಕೊಡುವ ಮೊದಲು ಬಾಕ್ಸ್ ತಿರುಗಿಸಿ ಫ್ರೀಕ್ವೆನ್ಸಿ ನೋಡಿ. 915 ಮೆಗಾಹರ್ಟ್ಸ್ ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಎಷ್ಟು ಕಡಿಮೆ ರೇಟಿಗೆ ಕೊಟ್ಟರೂ ಬೇಡ.

ನಮ್ಮದು ತೀರ್ಥಹಳ್ಳಿ ಕಡೆ. ಮೋಟರ್ ಕೆಳಗೆ ಹಳ್ಳದ ದಂಡೆಯಲ್ಲಿ, ಮನೆ ಮೇಲೆ ಗುಡ್ಡದ ಬದಿಯಲ್ಲಿ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಹೇಳಲಿಕ್ಕಾಗದು, ಬಂದಾಗ ಟಾರ್ಚ್ ಹಿಡಿದು ಕಾಡುಕೋಣ ಎದುರಾದೀತು ಅಂತ ಹೆದರುತ್ತಾ ಇಳಿಯಬೇಕು. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ನಮಗೆ ಆಗುವುದಿಲ್ಲ, ಹಳ್ಳದಲ್ಲಿ ಸಿಗ್ನಲ್ಲೇ ಇಲ್ಲ. ಹಾಗಾಗಿ ಶಿವಮೊಗ್ಗದ ಒಂದು ಅಂಗಡಿಯಿಂದ ಲೋರಾ ರಿಮೋಟ್ ತಂದೆವು, ಅಂದರೆ ಸಿಮ್ ಇಲ್ಲದೆ ರೇಡಿಯೋದಲ್ಲೇ ದೂರಕ್ಕೆ ಸಿಗ್ನಲ್ ಕಳಿಸುವಂಥದ್ದು. 'ಇದಕ್ಕೆ ಲೈಸೆನ್ಸೇ ಬೇಡ ಸಾರ್, ಅಮೆರಿಕದ ಎಫ್‌ಸಿಸಿ ಟೆಸ್ಟ್ ಪಾಸಾದ ಮಾಲು' ಅಂದರು. ಎಫ್‌ಸಿಸಿ ಅಂದರೆ ಅಲ್ಲಿ ರೇಡಿಯೋ, ಫೋನುಗಳ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಮಾಡಿನ ಮೇಲೆ ಉದ್ದದ ಬಿಳಿ ಆಂಟೆನಾ ನಿಲ್ಲಿಸಿ ಹೋದರು.

ರಿಮೋಟ್ ಏನೋ ಚೆನ್ನಾಗಿ ಕೆಲಸ ಮಾಡಿತು. ಕೆಟ್ಟಿದ್ದು ಊರಿನ ಫೋನು. ಆಚೆಯವರ ಮಾತು ನಮಗೆ ಸರಿಯಾಗಿ ಕೇಳುತ್ತಿತ್ತು, ನಮ್ಮ ಮಾತು ಮಾತ್ರ ಅವರಿಗೆ ತುಂಡು ತುಂಡು. ಇರುವುದೊಂದೇ ಟವರ್, ಎಲ್ಲರೂ ಅದಕ್ಕೇ ಬೈದರು, ನಾವೂ ಸೇರಿ. ಕೊನೆಗೆ ಟವರ್ ಕಡೆಯ ಇಬ್ಬರು ಕೈಯಲ್ಲಿ ಆಂಟೆನಾ ಹಿಡಿದು, ಅತ್ತ ಇತ್ತ ತಿರುಗಿಸುತ್ತಾ ಗುಡ್ಡ ಹತ್ತಿ, ಸೀದಾ ನಮ್ಮ ಅಂಗಳಕ್ಕೇ ಬಂದರು. ಅವರ ಮೆಷಿನ್ ಪರದೆಯಲ್ಲಿ ಒಂದು ಗೆರೆ ಎದ್ದೆದ್ದು ಬೀಳುತ್ತಿತ್ತು. ರಿಮೋಟ್‌ನ ಪ್ಲಗ್ ಕಿತ್ತರೆ ಗೆರೆ ಮಲಗಿತು, ಹಾಕಿದರೆ ಮತ್ತೆ ಎದ್ದಿತು. ಮೇಲಿನ ಬಾಕ್ಸು ಕೆಳಗಿನ ಬಾಕ್ಸು 'ಇದ್ದೀಯಾ', 'ಇದ್ದೀನಿ' ಅಂತ ಬಿಡುವಿಲ್ಲದೆ ಮಾತಾಡಿಕೊಳ್ಳುತ್ತಿದ್ದವಂತೆ.

ವಿಷಯ ಇಷ್ಟೇ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ನಮ್ಮಲ್ಲಿ 890ರಿಂದ 915 ಅಂದರೆ ಮೊಬೈಲು ಟವರ್‌ಗೆ ಮಾತು ಕಳಿಸುವ ಜಾಗ. ಅದಕ್ಕೇ ನಮ್ಮ ದನಿ ಮಾತ್ರ ಹಾಳಾಗಿದ್ದು. ನಮ್ಮ ದೇಶದಲ್ಲಿ ಇಂಥ ಸಾಧನಗಳಿಗೆ ಬಿಟ್ಟಿರುವುದು 865ರಿಂದ 868. 2005ರ ನಿಯಮದಲ್ಲಿ 867ರವರೆಗೆ ಇತ್ತು, 2021ರಲ್ಲಿ 868ರವರೆಗೆ ಹಿಗ್ಗಿಸಿದರು.

ಅಂಗಡಿಯವರನ್ನು ಕೇಳಿದಾಗ ಟೆಸ್ಟ್ ರಿಪೋರ್ಟ್ ಅಂತ ಒಂದು ಪಿಡಿಎಫ್ ಕಳಿಸಿದರು. ಸುಮ್ನೆ ಮೊದಲ ಪುಟ ನೋಡಿ ಬಿಡಬೇಡಿ, ಒಳಗೆ ಹೋಗಿ. ಅಳೆದದ್ದು ಆನ್ಸಿ ಸಿ63.10 ಪ್ರಕಾರ. ಅದು ಲೈಸೆನ್ಸ್ ಬೇಡದ ವೈರ್‌ಲೆಸ್ ಸಾಧನಗಳನ್ನು ಹೇಗೆ ಅಳೆಯಬೇಕು ಅಂತ ಹೇಳುವ ಅಮೆರಿಕದ ಸ್ಟ್ಯಾಂಡರ್ಡ್. ಸಾಧನವನ್ನು ತಿರುಗುವ ಮೇಜಿನ ಮೇಲಿಟ್ಟು, ಅಳೆಯುವ ಆಂಟೆನಾವನ್ನು 1 ಮೀಟರಿನಿಂದ 4 ಮೀಟರ್ ಎತ್ತರದವರೆಗೆ ಏರಿಸಿ ಇಳಿಸಿ, ಸಿಗ್ನಲ್ ಅತಿ ಜಾಸ್ತಿ ಎಲ್ಲಿ ಸಿಗುತ್ತದೋ ಅದನ್ನು ಬರೆದುಕೊಳ್ಳುತ್ತಾರೆ. ವಿಧಾನ ಅಚ್ಚುಕಟ್ಟೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಪವರ್ ಎಷ್ಟಿರಬೇಕು, ಯಾವ ಬ್ಯಾಂಡಿನಲ್ಲಿ ಅಂದರೆ ಎಲ್ಲಿಂದ ಎಲ್ಲಿವರೆಗಿನ ಫ್ರೀಕ್ವೆನ್ಸಿಯಲ್ಲಿ ಇರಬೇಕು ಅನ್ನುವುದನ್ನು ಆಯಾ ದೇಶದ ನಿಯಮ ಹೇಳುತ್ತದೆ, ಈ ರಿಪೋರ್ಟ್ ನೋಡಿದ್ದು ಅಮೆರಿಕದ ಮಿತಿಯನ್ನು. ಇನ್ನೂ ತಮಾಷೆ ಅಂದರೆ ರಿಪೋರ್ಟಿನ ಫೋಟೋದಲ್ಲಿ ಇರುವುದು ಹೆಬ್ಬೆರಳಿನಷ್ಟು ಆಂಟೆನಾ, ನಮ್ಮ ಮಾಡಿನ ಮೇಲಿರುವುದು ಆಳೆತ್ತರದ್ದು! ಮಾಡೆಲ್ ನಂಬರಿನ ಕೊನೆಯ ಅಕ್ಷರವೂ ಬೇರೆ. ಅಂದರೆ ಟೆಸ್ಟ್ ಆದ ಮಾಲೇ ನಮಗೆ ಕೊಟ್ಟಿದ್ದಲ್ಲ.

'ಲೈಸೆನ್ಸ್ ಬೇಡ' ಅನ್ನುವ ಮಾತು ಅರ್ಧ ಸತ್ಯ. ಬಳಸುವ ನಮಗೆ ಲೈಸೆನ್ಸ್ ಬೇಡ, ನಿಜ. ಆದರೆ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನುಮೋದನೆ ಬೇಕು. 865 ಬ್ಯಾಂಡಿನಲ್ಲಿ ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್, ಆಂಟೆನಾ ಸೇರಿ ಹೊರಬೀಳುವುದು 4 ವ್ಯಾಟ್ ಮೀರಬಾರದು. ಇಷ್ಟೆಲ್ಲ ಸರಿಯಿದ್ದರೂ ಬೇರೆಯವರಿಗೆ ತೊಂದರೆಯಾದರೆ ಜಾಗ ಬದಲಿಸಬೇಕು, ಪವರ್ ತಗ್ಗಿಸಬೇಕು, ಬೇರೆ ಆಂಟೆನಾ ಹಾಕಬೇಕು. ಆಗಲೂ ಆಗದಿದ್ದರೆ ನಿಲ್ಲಿಸಬೇಕು. ಆ ಹೊಣೆ ಬಳಸುವವನದು, ಅಂಗಡಿಯವರದಲ್ಲ. ಇದನ್ನು ಮಾರುವಾಗ ಯಾರೂ ಬಾಯಿಬಿಡುವುದಿಲ್ಲ ನೋಡಿ.

ಆದ್ದರಿಂದ ಇಟಿಎ ಪ್ರತಿ ಕೇಳಿ. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ ಮೂಲಕ ಸಿಗುವ ಸರ್ಟಿಫಿಕೇಟ್ ಅದು. ಅದರಲ್ಲಿರುವ ಮಾಡೆಲ್ ನಂಬರ್ ಬಾಕ್ಸಿನ ಸ್ಟಿಕ್ಕರ್ ಜೊತೆ ಅಕ್ಷರಕ್ಕಕ್ಷರ ಕೂಡಿಬರಬೇಕು, ಫ್ರೀಕ್ವೆನ್ಸಿಯೂ. 'ಒಳಗಿನ ಚಿಪ್ಪಿಗೆ ಇದೆ ಸಾರ್', 'ಸಿಇ ಮಾರ್ಕ್ ಇದೆಯಲ್ಲ' ಅನ್ನುತ್ತಾರೆ, ಒಪ್ಪಬೇಡಿ. ಸಿಇ ಯುರೋಪಿನದು. ಬಿಲ್ಲಿನಲ್ಲಿ ಮಾಡೆಲ್, ಇಟಿಎ ನಂಬರ್ ಎರಡನ್ನೂ ಬರೆಸಿ.

ಹೋಂಸ್ಟೇಗಳಿಗೆ ಆನ್‌ಲೈನ್‌ನಲ್ಲಿ ವಾಕಿಟಾಕಿ ತರಿಸುವವರಿಗೂ ಇದೇ ಮಾತು. ನಮ್ಮಲ್ಲಿ ಲೈಸೆನ್ಸ್ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರಿನವು. ಒಪ್ಪಿಗೆಯಿಲ್ಲದ ವಾಕಿಟಾಕಿ ಮಾರಾಟದ ಬಗ್ಗೆ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟಿತ್ತು.

ನಮ್ಮ ಅಂಗಡಿಯವರು ಈಗ 'ಸಾಫ್ಟ್‌ವೇರ್‌ನಲ್ಲಿ 866 ಮಾಡಿಕೊಡ್ತೀವಿ, ಮುಗೀತು' ಅನ್ನುತ್ತಿದ್ದಾರೆ. ಆಂಟೆನಾ 915ಕ್ಕೆ ಮಾಡಿದ್ದು, ಮಾಡೆಲ್‌ಗೆ ಇಟಿಎ ಇಲ್ಲವೇ ಇಲ್ಲ, ನಂಬರ್ ಬದಲಿಸಿದ ಮಾತ್ರಕ್ಕೆ ಅನುಮೋದನೆ ಹುಟ್ಟುವುದಿಲ್ಲ ಅಲ್ವಾ? ದುಡ್ಡು ವಾಪಸ್ ಕೇಳಿದ್ದೇವೆ, ಗ್ರಾಹಕರ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೇವೆ. ನಿಮ್ಮೂರಲ್ಲೂ ಇಂಥದ್ದೇ ಬಿಳಿ ಆಂಟೆನಾ ಎದ್ದ ಮೇಲೆ ಫೋನು ಹಾಳಾಗಿದ್ದರೆ ಒಮ್ಮೆ ಅದರ ಪ್ಲಗ್ ತೆಗೆಸಿ ನೋಡಿ.