ಸ್ಟಾರ್ಟರ್ ಹತ್ತಿರ ಬಿರುಕು ಬಿಟ್ಟ ಇಂಜಿನ್ ಬ್ಲಾಕಿಗೆ ಹೊಲಿಗೆ: ಎರಡು ಮಳೆಗಾಲ ಕಳೆದ ಮೇಲಿನ ಅನುಭವ

ಮಲ್ಪೆ ಬಂದರಿನ ಹತ್ತಿರ ಬೋಟಿನ ಇಂಜಿನ್ ಕೆಲಸ ಮಾಡುವ ಒಂದು ಲೇತ್ ಶಾಪಿನಲ್ಲಿ ನನ್ನ ಹಳೆ ಡೀಸೆಲ್ ಜೀಪಿನ ಬ್ಲಾಕ್ (ಸಿಲಿಂಡರುಗಳಿರುವ ಇಂಜಿನ್ನಿನ ಮುಖ್ಯ ಎರಕ) ರಿಪೇರಿ ಮಾಡಿಸಿದ್ದೆ. ಎರಡು ಮಳೆಗಾಲ ಕಳೆಯಿತು, ಬಿರುಕು ಮತ್ತೆ ಬಾಯಿ ಬಿಟ್ಟಿಲ್ಲ. ಐದರಲ್ಲಿ ನಾಲ್ಕು ಸ್ಟಾರ್.

ತುಂಬಾ ಕಾರುಗಳಲ್ಲಿ ಸ್ಟಾರ್ಟರ್, ಅಂದರೆ ಕೀ ಕೊಟ್ಟಾಗ ಇಂಜಿನ್ ತಿರುಗಿಸುವ ಮೋಟರ್, ಕೂರುವುದು ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಹೌಸಿಂಗಿನಲ್ಲಿ. ನನ್ನ ಗಾಡಿಯಲ್ಲಿ ಬ್ಲಾಕಿನಿಂದಲೇ ಚಾಚಿದ ಕಿವಿಗೆ ಬೋಲ್ಟ್. ಆ ತೂತಿನಿಂದ ಒಳಗಡೆಗೆ ಬಿರುಕು ಓಡಿತ್ತು. ಕೀ ತಿರುಗಿಸಿದರೆ ಸ್ಟಾರ್ಟರ್ ಅಲ್ಲಾಡಿ, ಅದರ ಸಣ್ಣ ಹಲ್ಲುಚಕ್ರ ಪಿನಿಯನ್ ಓರೆಯಾಗಿ, ಅದು ತಿರುಗಿಸುವ ದೊಡ್ಡ ರಿಂಗ್ ಗೇರಿನ ಹಲ್ಲು ತುರಿಯುತ್ತಿತ್ತು.

ಇದಕ್ಕೆ ಮೊದಲು ಮಂಗಳೂರಿನಲ್ಲಿ ಒಬ್ಬರು ಮಾಮೂಲಿ ರಾಡಿನಲ್ಲಿ ವೆಲ್ಡ್ ಹೊಡೆದು ಕೊಟ್ಟಿದ್ದರು. ನೋಡಲು ಚೆಂದ ಇತ್ತು. ಸ್ವಲ್ಪ ದಿನಕ್ಕೇ ವೆಲ್ಡಿನ ಪಕ್ಕದಲ್ಲಿ ಹೊಸ ಗೆರೆ! ಬ್ಲಾಕ್ ಬೀಡು ಕಬ್ಬಿಣದ್ದು, ಅದರಲ್ಲಿ ಇಂಗಾಲ ನೂರಕ್ಕೆ ಮೂರರಷ್ಟು. ಒಂದೇ ಕಡೆ ಕಾದು ಬೇಗ ತಣಿದರೆ ಆ ಅಂಚು ಗಾಜಿನ ಹಾಗೆ ಗಡುಸಾಗುತ್ತದೆ, ಸ್ಟಾರ್ಟರ್ ಒದೆಗೆ ನಿಲ್ಲುವುದಿಲ್ಲ. ನಿಕ್ಕಲ್ ರಾಡ್ ತೆಗೆದುಕೊಂಡು, ಇಂಚಿಂಚೇ ಎಳೆದು, ಪ್ರತಿ ಸಲ ಸುತ್ತಿಗೆಯಿಂದ ತಟ್ಟಿ, ನಿಧಾನ ತಣಿಸಿದರೆ ವೆಲ್ಡೂ ನಿಲ್ಲುತ್ತದೆ, ಸುಳ್ಳಲ್ಲ. ಅಷ್ಟು ತಾಳ್ಮೆ ಯಾರಿಗಿದೆ ಮಾರಾಯ್ರೆ?

ಬ್ಲಾಕೇ ಬದಲಿಸಿ ಎಂದವರೂ ಇದ್ದರು. ಇಂಜಿನ್ ನಂಬರ್ ಇರುವುದು ಅದೇ ಬ್ಲಾಕಿನ ಮೇಲೆ ಅಲ್ವಾ? ಮತ್ತೆ ಆರ್‌ಸಿ ತಿದ್ದುಪಡಿ, ಆರ್‌ಟಿಒ ಅಲೆದಾಟ. ಬೇಡವೇ ಬೇಡ.

ಮಲ್ಪೆಯವರು ನೋಡಿದ ಕೂಡಲೇ, "ಇದಕ್ಕೆ ಬೆಂಕಿ ತೋರಿಸುವುದು ಬೇಡ ಅಣ್ಣ, ಸ್ಟಿಚಿಂಗ್ ಮಾಡುವ" ಎಂದರು. ಅಂದರೆ ವೆಲ್ಡ್ ಇಲ್ಲದೆ, ಬಿರುಕಿನುದ್ದಕ್ಕೂ ಪಿನ್ ಹಾಕಿ ಹೊಲಿಯುವುದು. ಗೇರ್‌ಬಾಕ್ಸ್ ಇಳಿಸಿ, ಜಾಗ ತೊಳೆದು, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹಚ್ಚಿ ಒರೆಸಿ, ಮೇಲೆ ಬಿಳಿ ಸ್ಪ್ರೇ ಹೊಡೆದರು. ಬಿಳಿಯ ಮೇಲೆ ಕೆಂಪು ಗೆರೆ ನಿಧಾನಕ್ಕೆ ಎದ್ದು ಬಂತು, ಬರಿಗಣ್ಣಿಗೆ ಕಂಡದ್ದಕ್ಕಿಂತ ಹೆಬ್ಬೆರಳಿನಷ್ಟು ಜಾಸ್ತಿ ಉದ್ದ. ಬಿರುಕು ಮುಂದೆ ಹೋಗದ ಹಾಗೆ ಆ ತುದಿಗೆ ಮೊದಲು ಒಂದು ಸಣ್ಣ ತೂತು. ಆಮೇಲೆ ಗೆರೆಯುದ್ದಕ್ಕೂ ಕೊರೆಯುವುದು, ಥ್ರೆಡ್ ಹಾಕುವುದು, ಪಿನ್ ತಿರುಗಿಸಿ ಬಿಗಿದು ತಲೆ ಕತ್ತರಿಸುವುದು. ಪ್ರತಿ ತೂತೂ ಹಿಂದಿನ ಪಿನ್ನನ್ನು ಸ್ವಲ್ಪ ಕಚ್ಚಿಕೊಂಡೇ ಬರಬೇಕು. ಹಾಗಾಗಿ ನಡುವೆ ಸಂದು ಉಳಿಯುವುದಿಲ್ಲ. ಎರಡೂ ಬದಿ ದೂರ ಹೋಗದಂತೆ ಬಿರುಕಿಗೆ ಅಡ್ಡಲಾಗಿ ಲೋಹದ ಲಾಕ್ ಕೂರಿಸಿದರು. ಹಳೆ ವೆಲ್ಡ್ ಇದ್ದಲ್ಲಿ ಡ್ರಿಲ್ ಬಿಟ್ ಕಿರುಚಿತೇ ಹೊರತು ಒಳಗೆ ಇಳಿಯಲಿಲ್ಲ. ಅದನ್ನೆಲ್ಲ ಗ್ರೈಂಡ್ ಮಾಡಿ ತೆಗೆಯಲಿಕ್ಕೇ ಅರ್ಧ ದಿನ ಹೋಯಿತು.

ನನಗೆ ಹೆಚ್ಚು ಹಿಡಿಸಿದ್ದು ಹೊಲಿಗೆಯಲ್ಲ, ಬಿರುಕು ಯಾಕೆ ಬಂತು ಎಂದು ಅವರು ಹುಡುಕಿದ್ದು. ನನ್ನ ಸ್ಟಾರ್ಟರಿನ ಹಿಂಬದಿಗೆ ಒಂದು ಸಪೋರ್ಟ್ ಪಟ್ಟಿ ಇರಬೇಕಿತ್ತು. ಹಿಂದೆ ಯಾವುದೋ ಕ್ಲಚ್ ಕೆಲಸದಲ್ಲಿ ಬಿಚ್ಚಿದವರು ವಾಪಸ್ ಹಾಕಿರಲಿಲ್ಲ. ಅಷ್ಟು ಭಾರದ ಮೋಟರ್ ಎದುರಿನ ಬೋಲ್ಟುಗಳ ಮೇಲೇ ನೇತಾಡುತ್ತಿದ್ದರೆ ಕಿವಿ ಮುರಿಯದೆ ಇನ್ನೇನು? ಕಬ್ಬಿಣದ ಪಟ್ಟಿ ಬಗ್ಗಿಸಿ ಅಲ್ಲೇ ಒಂದು ಮಾಡಿ ಹಾಕಿದರು, ಅದಕ್ಕೆ ದುಡ್ಡು ಕೇಳಲಿಲ್ಲ. ಪೂರ್ತಿ ಕೆಲಸಕ್ಕೆ ಮಾತ್ರ ವೆಲ್ಡಿಂಗಿನ ಮೂರು ಪಟ್ಟು ಆಯಿತು.

ಒಂದು ಸ್ಟಾರ್ ಕಳೆದದ್ದು ಪೇಂಟಿಗೆ. ಕೆಲಸ ಮುಗಿದ ಖುಷಿಯಲ್ಲಿ ಸ್ಟಾರ್ಟರ್ ಕೂರುವ ಮುಖಕ್ಕೂ ಬಳಿದುಬಿಟ್ಟಿದ್ದರು. ಸ್ಟಾರ್ಟರಿಗೆ ಅರ್ಥ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸಿಗುವುದು ಅದರ ಬಾಡಿಯಿಂದಲೇ. ಎಳೆಯುವ ಕರೆಂಟ್ ನೂರು ಆಂಪಿಯರ್ ಮೇಲೆ. ಬೆಳಿಗ್ಗೆ ಕೀ ಕೊಟ್ಟರೆ ಇಂಜಿನ್ ಸುಸ್ತಾಗಿ ತಿರುಗುತ್ತಿತ್ತು. ಎಮೆರಿ ಪೇಪರಿನಿಂದ ಲೋಹ ಹೊಳೆಯುವ ತನಕ ತಿಕ್ಕಿ, ಹೊರ ಅಂಚಿಗೆ ಮಾತ್ರ ಗ್ರೀಸ್ ಹಚ್ಚಿದೆ. ಆಮೇಲೆ ಸರಿಹೋಯಿತು. ನಮ್ಮ ಉಪ್ಪುಗಾಳಿಗೆ ಆ ಗ್ರೀಸ್ ಬೇಕೇ ಬೇಕು.

ಈಗಲೂ ಆಗಾಗ ಟಾರ್ಚ್ ಹಿಡಿದು ನೋಡುತ್ತೇನೆ. ಪಿನ್ನುಗಳ ಸುತ್ತ ತುಕ್ಕಿನ ಗೆರೆಯಿಲ್ಲ, ಎಣ್ಣೆ ಜಿನುಗಿಲ್ಲ. ಆದರೆ ನನ್ನ ಬಿರುಕು ವಾಟರ್ ಜಾಕೆಟ್ (ಬ್ಲಾಕಿನೊಳಗೆ ತಂಪು ನೀರು ಹರಿಯುವ ಜಾಗ) ಮುಟ್ಟಿರಲಿಲ್ಲ ಎನ್ನುವುದು ನೆನಪಿರಲಿ. ಕ್ರ್ಯಾಂಕ್‌ಶಾಫ್ಟ್ ಹೊರುವ ಮೇನ್ ಬೇರಿಂಗ್ ಕಡೆಗೆ ಓಡಿದ್ದರೆ ಲೆಕ್ಕವೇ ಬೇರೆ, ಡೈ ಹಾಕಿಸಿ ನೋಡದೆ ದುಡ್ಡು ಸುರಿಯಬೇಡಿ.

ಹೋಗುವುದಾದರೆ ಮೇ ಒಳಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ. ಬೋಟುಗಳೆಲ್ಲ ದಡದಲ್ಲಿ, ಅವುಗಳ ಇಂಜಿನ್ನುಗಳೆಲ್ಲ ಈ ಶಾಪುಗಳಲ್ಲಿ. ಕಾರಿನವರಿಗೆ ಆಗ ಪಾಳಿ ಸಿಗುವುದು ಕಷ್ಟ.